ಜಿಯೋಹಾಟ್‌ಸ್ಟಾರ್ ಬೇಕೋ, ಜೀ5 ಸಾಕೋ?

ಮನೆಗೆ ಒಂದೇ ಒಟಿಟಿ ಸಾಕು ಅನ್ನುವ ಕನ್ನಡ ವೀಕ್ಷಕರಿಗೆ ಈ ಹೋಲಿಕೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಒಂದೇ ಯಜಮಾನರ ಕೈಯಲ್ಲಿವೆ. 2024ರ ನವೆಂಬರ್‌ನಲ್ಲಿ ರಿಲಯನ್ಸ್‌ನ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ವಿಲೀನವಾಗಿ ಜಿಯೋಸ್ಟಾರ್ ಹುಟ್ಟಿತು. ಸುಮಾರು 70,352 ಕೋಟಿ ರೂಪಾಯಿ ಮೌಲ್ಯದ ವ್ಯವಹಾರ. 2025ರ ಫೆಬ್ರವರಿಯಲ್ಲಿ ಎರಡೂ ಕಡೆಯ ಆ್ಯಪ್‌ಗಳು ಸೇರಿ ಜಿಯೋಹಾಟ್‌ಸ್ಟಾರ್ ಆದವು.

ದೊಡ್ಡ ಬದಲಾವಣೆ ಕಂಡದ್ದು ಕ್ರಿಕೆಟ್‌ನಲ್ಲಿ. ಐಪಿಎಲ್ 2023–27ರ ಟಿವಿ ಹಕ್ಕು ಸ್ಟಾರ್ ಬಳಿ, ಡಿಜಿಟಲ್ ಹಕ್ಕು ವಯಾಕಾಮ್18 ಬಳಿ ಇತ್ತು. ಇಬ್ಬರೂ ಪೈಪೋಟಿಗೆ ಬಿದ್ದಿದ್ದಾಗ ವಯಾಕಾಮ್18ರ ಆ್ಯಪ್ ಜಿಯೋಸಿನಿಮಾ ಎರಡು ಸೀಸನ್ ಪುಕ್ಕಟೆ ತೋರಿಸಿತು. ಎದುರಾಳಿಯೇ ಪಾಲುದಾರನಾದ ಮೇಲೆ ಯಾರನ್ನು ಸೋಲಿಸಲು ಪುಕ್ಕಟೆ ಕೊಡಬೇಕು? 2025ರಿಂದ ಪೂರ್ತಿ ಪಂದ್ಯ ನೋಡಲು ಚಂದಾ, ಇಲ್ಲವೇ ಅದು ಸೇರಿರುವ ರೀಚಾರ್ಜ್ ಬೇಕಾಯಿತು. ಹಾಗಂತ ಸರಕು ಕಡಿಮೆಯಿಲ್ಲ: ಕನ್ನಡದ ಬಿಗ್ ಬಾಸ್, ಎರಡು ವಾಹಿನಿಗಳ ಧಾರಾವಾಹಿ, ಜೊತೆಗೆ ಹಾಲಿವುಡ್.

ಜೀ ಕೂಡ ಸೋನಿ ಜೊತೆ ಸೇರಲು ಹೊರಟಿತ್ತು; 2024ರ ಜನವರಿಯಲ್ಲಿ ಆ ಮಾತುಕತೆ ಮುರಿದುಬಿತ್ತು. ಐಪಿಎಲ್ ಇಲ್ಲದ ಜೀ5 ಈಗ ಪ್ರಾದೇಶಿಕ ಭಾಷೆಗಳನ್ನೇ ನೆಚ್ಚಿಕೊಂಡಿದೆ, ಭಾಷಾವಾರು ಪ್ಯಾಕ್‌ಗಳನ್ನೂ ತಂದಿದೆ. ಜೀ ಕನ್ನಡದ ಧಾರಾವಾಹಿ ತಪ್ಪಬಾರದು ಅನ್ನುವ ಮನೆಗೆ ಇದೇ ಸರಿ.

ಆರ್‌ಸಿಬಿ ಬಿಟ್ಟಿರಲಾರದವರಿಗೆ ಆಯ್ಕೆಯೇ ಇಲ್ಲ. ಆದರೂ ವರ್ಷದ ಚಂದಾ ಬೇಡ, ಐಪಿಎಲ್ ಹೊತ್ತಿಗೆ ಮೂರು ತಿಂಗಳ ಪ್ಯಾಕ್ ಹಾಕಿಸಿಕೊಳ್ಳಿ.