ಪಿಷ್ಟದ ಫಿಲ್ಮಿಗೆ ಯಾವ ಪುಡಿ? ನನ್ನ ಓಟು ಕಬ್ಬಿನ ಹಿಪ್ಪೆಗೆ

ಬರೀ ಕಾರ್ನ್‌ಫ್ಲೋರಿನ ಫಿಲ್ಮ್ (ಪ್ಲಾಸ್ಟಿಕ್‌ನಂಥ ತೆಳು ಹಾಳೆ) ದಿನ ಕಳೆದಂತೆ ಗಡುಸಾಗಿ, ಸಣ್ಣದೊಂದು ಸೀಳು ಬಿದ್ದರೆ ಸರ್ರನೆ ಹರಿದುಹೋಗುತ್ತದೆ. ಅದನ್ನು ಬಲಪಡಿಸಲು ಬೆಂಗಳೂರಿನಲ್ಲಿ ಪುಕ್ಕಟೆ ಸಿಗುವ ಮೂರು ವಸ್ತು ಹಾಕಿ ನೋಡಿದೆ: ಜ್ಯೂಸ್ ಗಾಡಿಯ ಕಬ್ಬಿನ ಹಿಪ್ಪೆ, ಮೊಟ್ಟೆ ಚಿಪ್ಪು, ಕಡಲೆಕಾಯಿ ಸಿಪ್ಪೆ. ಗೆದ್ದದ್ದು ಹಿಪ್ಪೆ, ಅದೂ ಸಲೀಸಾಗಿ.

ಮೂರಕ್ಕೂ ಪಾಕ ಒಂದೇ: 100 ಮಿ.ಲೀ. ನೀರು, 5 ಗ್ರಾಂ ಕಾರ್ನ್‌ಫ್ಲೋರ್, ಹಾಳೆ ಮೆದುವಾಗಲು 1.5 ಗ್ರಾಂ ಗ್ಲಿಸರಿನ್, ಕಾಲು ಗ್ರಾಂ ಪುಡಿ. 85–90 ಡಿಗ್ರಿಯಲ್ಲಿ 10 ನಿಮಿಷ ಕೈಬಿಡದೆ ತಿರುವಿ, 20 ಸೆಂ.ಮೀ. ಚೌಕದ ಅಕ್ರಿಲಿಕ್ ತಟ್ಟೆಗೆ ಸುರಿದರೆ ಒಣಗಿದ ಮೇಲೆ ದಪ್ಪ ಸುಮಾರು 120 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು). ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೆಚ್ಚು ಕಾಡುವುದು ಮೊಟ್ಟೆ ಚಿಪ್ಪು. ಮನೆಯಲ್ಲಿ ಬಯೋಪ್ಲಾಸ್ಟಿಕ್ ಮಾಡುವ ಬಹುಪಾಲು ವಿಧಾನಗಳಲ್ಲಿ ವಿನೆಗರ್ ಇರುತ್ತದೆ. ಚಿಪ್ಪಿನಲ್ಲಿ ನೂರಕ್ಕೆ 90ಕ್ಕೂ ಮೀರಿ ಕ್ಯಾಲ್ಸಿಯಂ ಕಾರ್ಬೊನೇಟ್. ಎರಡೂ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಬುಸುಗುಟ್ಟಿ ಏಳುತ್ತದೆ. ಗಂಜಿ ಆಗಲೇ ಗಟ್ಟಿಯಾಗಿರುವುದರಿಂದ ಗುಳ್ಳೆ ಹೊರಬರಲಾರದೆ ಅಲ್ಲೇ ಉಳಿದು, ಒಣಗಿದ ಹಾಳೆಯ ತುಂಬಾ ಸೂಜಿಮೊನೆಯಷ್ಟು ತೂತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣುತ್ತದೆ. ಎಳೆದರೆ ತೂತಿನಿಂದ ತೂತಿಗೆ ಹರಿಯುತ್ತದೆ.

ವಿನೆಗರ್ ಬಿಟ್ಟರೆ ಗುಳ್ಳೆ ಹೋಯಿತು, ಆದರೆ ಪುಡಿ ತಳಕ್ಕಿಳಿಯುವುದು ನಿಲ್ಲುವುದಿಲ್ಲ. ಚಿಪ್ಪಿನ ಸಾಂದ್ರತೆ ನೀರಿನ ಸುಮಾರು ಎರಡೂವರೆ ಪಟ್ಟು. ಕೆಳಪದರ ಮರಳು ಮರಳು, ಮೇಲ್ಪದರ ಬರೀ ಪಿಷ್ಟ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗದ ಕಾರಣ ಹಾಳೆಯ ಅಂಚು ಸುರುಳಿ ಸುತ್ತುತ್ತದೆ. ಕಣದ ಅಗಲ ಅರ್ಧಕ್ಕಿಳಿದರೆ ತಳಕ್ಕಿಳಿಯುವ ವೇಗ ಕಾಲು ಭಾಗಕ್ಕಿಳಿಯುತ್ತದೆ, ಹಾಗಾಗಿ ಪರಿಹಾರ ಇರುವುದು ನುಣುಪಿನಲ್ಲೇ. ಅಡುಗೆಮನೆ ಮಿಕ್ಸಿಯಿಂದ ಆ ನುಣುಪು ಬರುವುದಿಲ್ಲ, ಬಾಲ್ ಮಿಲ್ (ತಿರುಗುವ ಡಬ್ಬಿಯಲ್ಲಿ ಗಟ್ಟಿ ಗುಂಡುಗಳಿಂದ ಅರೆಯುವ ಯಂತ್ರ) ಬೇಕು. ಚಿಪ್ಪಿನ ಒಳಪೊರೆ ಕುದಿಸಿ ಸುಲಿಯದಿದ್ದರೆ ವಾಸನೆ ಬೇರೆ.

ಕಡಲೆಕಾಯಿ ಸಿಪ್ಪೆ ಕಾರ್ತಿಕದ ಪರಿಷೆ ಹೊತ್ತಿಗೆ ಬಸವನಗುಡಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ. ಆದರೆ ಅದರಲ್ಲಿ ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ವಸ್ತು) ಹೆಚ್ಚು: ಪುಡಿ ಗಡಸು, ಬಣ್ಣ ಕಂದು. 100 ಮೆಶ್ (ಇಂಚಿಗೆ 100 ಕಣ್ಣಿನ) ಜರಡಿ ಹಾದ ಕಣವೂ 150 ಮೈಕ್ರಾನ್‌ವರೆಗೆ ಇರಬಹುದು, ಅಂದರೆ ಹಾಳೆಗಿಂತ ದಪ್ಪ. ಹಾಳೆ ಹರಿಯಲು ಶುರುವಾಗುವುದೇ ಅಲ್ಲಿ.

ಹಿಪ್ಪೆಯ ಬಲ ಅದರ ನಾರಿನ ಆಕಾರದಲ್ಲಿದೆ. ಬಿಡಿಸಿದ ನಾರಿನ ಅಗಲ 20 ಮೈಕ್ರಾನ್ ಆಸುಪಾಸು, ಉದ್ದ ಒಂದು ಮಿ.ಮೀ. ದಾಟಬಹುದು. ಉದ್ದವಿದ್ದರೂ ಹಾಳೆಯೊಳಗೆ ಮಲಗಿಕೊಳ್ಳುತ್ತದೆ, ಸೀಳಿಗೆ ಅಡ್ಡ ನಿಲ್ಲುತ್ತದೆ. ಪಿಷ್ಟ, ನಾರಿನಲ್ಲಿರುವ ಸೆಲ್ಯುಲೋಸ್ ಎರಡೂ ಗ್ಲೂಕೋಸಿನ ಸರಪಳಿಗಳೇ ಆದ್ದರಿಂದ ಅಂಟಿಕೆಯೂ ಚೆನ್ನ.

ಮೊದಲು ಬಿಸಿನೀರಿನಲ್ಲಿ ಸಿಹಿ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಸಕ್ಕರೆ ಉಳಿದರೆ ಹಾಳೆ ಜಿಗುಟಾಗುತ್ತದೆ, ಇರುವೆ ಮುತ್ತುತ್ತವೆ. ಆಮೇಲೆ ಲಿಗ್ನಿನ್ ಕರಗಿಸಿ ನಾರು ಬಿಡಿಸಲು, ಒಣಗಿಸಿದ 10 ಗ್ರಾಂ ಹಿಪ್ಪೆಗೆ 200 ಮಿ.ಲೀ. ನೀರು, 10 ಗ್ರಾಂ ಕಾಸ್ಟಿಕ್ ಸೋಡ. ಸೋಡವನ್ನೇ ನೀರಿಗೆ ಹಾಕಿ, ಉಲ್ಟಾ ಮಾಡಬೇಡಿ. ಸ್ಟೀಲ್ ಪಾತ್ರೆ, ರಬ್ಬರ್ ಗ್ಲೌಸ್, ಕಣ್ಣಿಗೆ ಸುರಕ್ಷಾ ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡ ತಿಂದುಹಾಕುತ್ತದೆ. 80 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಲಿಟ್ಮಸ್ ಬಣ್ಣ ಬದಲಾಗದಷ್ಟು ತೊಳೆದು, ಒಣಗಿಸಿ ಮಿಕ್ಸಿಗೆ ಹಾಕಿ. ಬಳಸುವ ಹಿಂದಿನ ರಾತ್ರಿ ನೆನೆಸಿಟ್ಟರೆ ಗಂಟು ಕಟ್ಟುವುದಿಲ್ಲ. ಪಿಷ್ಟದ ತೂಕದ ನೂರಕ್ಕೆ 5 ಸಾಕು. 10 ದಾಟಿದರೆ ನಾರು ನಾರಿಗೇ ಸುತ್ತಿಕೊಂಡು ಹಾಳೆ ಮತ್ತೆ ಬಡವಾಗುತ್ತದೆ.

ಎಳೆದು ಹೋಲಿಸುವುದಾದರೆ ಮೂರೂ ಹಾಳೆಯನ್ನು ಒಂದೇ ದಿನ ಎಳೆಯಿರಿ. ತೇವ ಕೂಡ ಗ್ಲಿಸರಿನ್ ಥರ ಮೆದು ಮಾಡುತ್ತದೆ: ಮಾರ್ಚ್‌ನಲ್ಲಿ ಮುರಿಯುವ ಹಾಳೆಯೇ ಆಗಸ್ಟ್‌ನಲ್ಲಿ ಜೋಲುತ್ತದೆ.

ಮೂರರಲ್ಲಿ ಯಾವುದೂ ಫಿಲ್ಮನ್ನು ನೀರಿಗೆ ಜಗ್ಗದಂತೆ ಮಾಡುವುದಿಲ್ಲ. ಬೀಜದ ಪೊಟ್ಟಣ, ಒಣ ಸಾಮಾನಿನ ಹೊದಿಕೆಗೆ ಸರಿ. ಬಾಲ್ ಮಿಲ್ ಕೈಗೆ ಸಿಗುವ ಲ್ಯಾಬಿನವರಿಗೆ ಚಿಪ್ಪೂ ಆದೀತು. ಮಿಕ್ಸಿ, ಒಂದು ಜರಡಿ, ಸ್ವಲ್ಪ ಸೋಡ ಇಷ್ಟರಲ್ಲೇ ಕೆಲಸ ಮುಗಿಸುವ ನನಗೆ ಹಿಪ್ಪೆಯೇ ಸೈ.