ಬಿಲ್ಲಿನ ಕವರ್ ಬಿಚ್ಚದೆಯೇ ತೆರಿಗೆ ರಿಟರ್ನ್ ಹಾಕಿದ ಆಡಿಟರ್

ಮೈಸೂರಿನ ಅಗ್ರಹಾರದ ಕಡೆ ಮೊದಲ ಮಹಡಿಯಲ್ಲಿರುವ ಒಂದು ಆಡಿಟರ್ ಆಫೀಸಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಜುಲೈನಲ್ಲಿ ಈಗಲೇ ಅಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ, ಇನ್ನೂ ಜನ ನುಗ್ಗಿದರೆ ನನ್ನ ಫೋನನ್ನೂ ಎತ್ತಲಿಕ್ಕಿಲ್ಲ. ಆದರೆ ನನ್ನ ಹಾಗೆ ಸಂಬಳದ ಕೆಲಸ ಬಿಟ್ಟು ಸ್ವಂತ ಕಾಂಟ್ರಾಕ್ಟಿನಲ್ಲಿ ದುಡಿಯುವವರಿಗೆ ಒಳ್ಳೆಯ ಆಡಿಟರ್ ಎಂದರೆ ಏನು ನೋಡಬೇಕು ಅನ್ನುವುದು ಇದರಿಂದ ಗೊತ್ತಾದೀತು.

ನಾನು ಸಿವಿಲ್ ಇಂಜಿನಿಯರ್. ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುವುದು, ಸೈಟಿಗೆ ಹೋಗಿ ಕಂಬಿ ಕಟ್ಟಿದ್ದು ಸರಿ ಇದೆಯಾ ನೋಡಿ ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವುದು ನನ್ನ ಕೆಲಸ. ಮನೆ ಮೈಸೂರಿನಲ್ಲಿ, ಸೈಟುಗಳೆಲ್ಲ ಮಂಡ್ಯ, ಮದ್ದೂರು, ಪಾಂಡವಪುರದ ಸುತ್ತ. ಆಗಾಗ ಬೆಂಗಳೂರಿನಲ್ಲಿ ಮೀಟಿಂಗ್. ನಮ್ಮಣ್ಣ ಸರ್ಕಾರಿ ನೌಕರ. ಎಲ್ಲಿಗಾದರೂ ಡ್ಯೂಟಿ ಮೇಲೆ ಹೋಗಿ ಬಂದರೆ ಟಿಎ (ಪ್ರಯಾಣ ಭತ್ಯೆ) ಬಿಲ್ಲು ಬರೆದು ಡಿಎ (ದಿನಭತ್ಯೆ) ಸಮೇತ ತೆಗೆದುಕೊಳ್ಳುತ್ತಾನೆ. ನನ್ನ ಬಸ್ಸು, ಪೆಟ್ರೋಲು, ಹೊರಗಿನ ಊಟಕ್ಕೆ ಯಾರು ಕೊಡುತ್ತಾರೆ? ಅದನ್ನು ಕೇಳುವುದಕ್ಕೇ ಬಿಲ್ಲು ತುಂಬಿದ ಕವರ್ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದು.

ಆಡಿಟರಿಗೆ ಅರವತ್ತು ದಾಟಿದೆ. ಕವರನ್ನು ಪಕ್ಕಕ್ಕೆ ಸರಿಸಿ ಮೊದಲು ಕೇಳಿದ್ದು ಒಂದೇ: "ವರ್ಷಕ್ಕೆ ಒಟ್ಟು ಎಷ್ಟು ಬಂತಮ್ಮ? ಕ್ಯಾಷ್ ಎಷ್ಟು, ಬ್ಯಾಂಕಿಗೆ ಎಷ್ಟು?" 2024-25ರಲ್ಲಿ ನನಗೆ ಬಂದದ್ದು ಸುಮಾರು 11 ಲಕ್ಷ. ಅದರಲ್ಲಿ 8 ಲಕ್ಷ 40 ಸಾವಿರ ಕಂಪನಿಗಳಿಂದ. ಅವರು ಶೇಕಡಾ 10ರಂತೆ 84,000 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದಿದ್ದರು. ಉಳಿದದ್ದು ಮನೆ ಕಟ್ಟಿಸುವವರು ಕೊಟ್ಟದ್ದು.

ಆಮೇಲೆ ಒಂದು ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಹಿಂದುಗಡೆ ಲೆಕ್ಕ ಹಾಕಿದರು. ಇಂಜಿನಿಯರ್, ಡಾಕ್ಟರ್, ವಕೀಲರಂಥ ವೃತ್ತಿಯವರಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅಂತ ಒಂದು ಸೆಕ್ಷನ್. ವರ್ಷಕ್ಕೆ ಬಂದ ಹಣ 50 ಲಕ್ಷದೊಳಗಿದ್ದರೆ (ಕ್ಯಾಷ್ ಶೇಕಡಾ 5ನ್ನು ಮೀರದಿದ್ದರೆ 75 ಲಕ್ಷದವರೆಗೆ) ಬಂದದ್ದರಲ್ಲಿ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು. ಉಳಿದರ್ಧ ಖರ್ಚಾಯಿತು ಎಂದು ಇಲಾಖೆಯೇ ಒಪ್ಪಿಕೊಳ್ಳುತ್ತದೆ, ಒಂದು ಚೀಟಿಯನ್ನೂ ಕೇಳುವುದಿಲ್ಲ. ಆದರೆ ಬಸ್ಸು, ಊಟ, ಪೆಟ್ರೋಲ್ ಎಲ್ಲ ಆ ಅರ್ಧದಲ್ಲೇ ಮುಗಿಯಿತು, ಮೇಲೆ ಒಂದು ರೂಪಾಯಿಯನ್ನೂ ಸೇರಿಸಿ ಕಳೆಯುವಂತಿಲ್ಲ. ನನ್ನ ನಿಜವಾದ ಖರ್ಚನ್ನು ಬಾಯಲ್ಲಿ ಕೇಳಿ ಬರೆದುಕೊಂಡರು: ಓಡಾಟ, ಊಟ, ಸಾಫ್ಟ್‌ವೇರ್, ಫೋನು, ಲ್ಯಾಪ್‌ಟಾಪಿನ ಸವಕಳಿ. ಎಲ್ಲ ಸೇರಿ ಮೂರು ಲಕ್ಷ ಚಿಲ್ಲರೆ. ಸರ್ಕಾರ ಕೇಳದೇ ಬಿಟ್ಟುಕೊಡುವುದು ಐದೂವರೆ ಲಕ್ಷ. "ಈಗ ಹೇಳಿ, ಆ ಕವರ್ ಬಿಚ್ಚಬೇಕಾ?"

ಬಿಚ್ಚಲಿಲ್ಲ. ಐದೂವರೆ ಲಕ್ಷ ಆದಾಯ, ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಯಾಯಿತಿ ಇತ್ತು, ಹಾಗಾಗಿ ತೆರಿಗೆ ಸೊನ್ನೆ. ಹಿಡಿದ 84,000 ಪೂರ್ತಿ ಅಕೌಂಟಿಗೆ ವಾಪಸ್ ಬಂತು. ಇದಕ್ಕೆ ಅವರ ಫೀಸು 3,000. ಅದಕ್ಕೂ ಮುಂಚೆ ಬೇರೊಂದು ಕಡೆ, ಜೆರಾಕ್ಸ್ ಅಂಗಡಿಯ ಜೊತೆಗೇ ರಿಟರ್ನ್ ಮಾಡಿಕೊಡುವವರು, ಬರುವ ರೀಫಂಡಿನಲ್ಲಿ ಪರ್ಸೆಂಟೇಜ್ ಕೇಳಿದ್ದರು. ಹಾಗೆ ಕೇಳುವವರನ್ನು ಕಂಡರೆ ಎದ್ದು ಬನ್ನಿ. ಇಲ್ಲದ ಕಡಿತಗಳನ್ನು ತೋರಿಸಿದಷ್ಟೂ ಅವರ ಜೇಬು ತುಂಬುತ್ತದೆ, ನೋಟಿಸ್ ಬರುವುದು ನಿಮ್ಮ ಪ್ಯಾನ್ ನಂಬರಿಗೆ.

ಕೆಲಸ ಮುಗಿದ ಮೇಲೂ ನನಗೆ ಕುತೂಹಲ. ಪೂರ್ತಿ ಲೆಕ್ಕ ಇಟ್ಟು ಖರ್ಚು ತೋರಿಸುವವರಿಗೆ ಈ ಬಿಲ್ಲುಗಳಲ್ಲಿ ಎಷ್ಟು ನಿಲ್ಲುತ್ತಿತ್ತು ಎಂದು ಕೇಳಿದೆ. ಆಗ ಕವರಿಗೆ ಕೈ ಹಾಕಿದರು. ಈ ಅರ್ಧ ಗಂಟೆಗಾಗಿಯೇ ನಾನು ಇದನ್ನು ಬರೆಯಲು ಕೂತದ್ದು ಅನ್ನಬಹುದು.

ಮೊದಲು ಸಿಕ್ಕಿದ್ದು ಮಂಡ್ಯಕ್ಕೆ ಹೋಗಿಬಂದ ಸಾಮಾನ್ಯ ಸಾರಿಗೆ ಟಿಕೆಟ್‌ಗಳ ಕಟ್ಟು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಕೊಡುವುದು ಶೂನ್ಯ ಟಿಕೆಟ್ ತಾನೇ. ಕನ್ನಡಕ ಹಣೆಗೇರಿಸಿ ನಕ್ಕರು: "ಇದನ್ನ ಯಾವ ಕಾಲಂಗೆ ಹಾಕೋಣಮ್ಮ?" ದುಡ್ಡು ಕೊಟ್ಟು ಹೋದ ಐರಾವತದ ಟಿಕೆಟ್ ಬೆಂಗಳೂರಿನ ಮೀಟಿಂಗಿಗಾದರೆ ನಿಲ್ಲುತ್ತದೆ. ಸ್ಕೂಟರಿನ ಪೆಟ್ರೋಲ್ ಪೂರ್ತಿ ನಿಲ್ಲುವುದಿಲ್ಲ, ಅದೇ ಸ್ಕೂಟರಲ್ಲಿ ಮಗಳನ್ನು ಶಾಲೆಗೂ ಬಿಡುತ್ತೇನಲ್ಲ, ಕೆಲಸಕ್ಕೆ ಓಡಿಸಿದ ಪಾಲಷ್ಟೇ. ಆಗಿನ ಕಾಯ್ದೆಯ ಸೆಕ್ಷನ್ 37ರ ಪ್ರಕಾರ ಖರ್ಚು ಸಂಪೂರ್ಣವಾಗಿ ವೃತ್ತಿಗೆಂದೇ ಆಗಿರಬೇಕು. ಭಾನುವಾರ ಮನೆಯವರ ಜೊತೆ ತಿಂದ ದೋಸೆಯ ಬಿಲ್ಲು ಹೇಗೋ ಕವರಿಗೆ ಸೇರಿತ್ತು, ಅದನ್ನು ನನ್ನ ಕೈಗೇ ಕೊಟ್ಟರು. ಪಾಂಡವಪುರದ ಸೈಟಿನಲ್ಲಿ ಇಡೀ ದಿನ ನಿಂತು ಅಲ್ಲೇ ಉಂಡ ಊಟ, ಕೆಲಸ ಕೊಟ್ಟವರ ಜೊತೆ ಕೂತು ಕುಡಿದ ಕಾಫಿ, ಇವಕ್ಕೆ ಲೆಕ್ಕದಲ್ಲಿ ಜಾಗವಿದೆ, ಮಿತಿಯಲ್ಲಿದ್ದರೆ. ಅಣ್ಣನ ಡಿಎ ಥರ "ದಿನಕ್ಕಿಷ್ಟು" ಎಂದು ಅಂದಾಜಿಗೆ ಬರೆಯುವ ಹಾಗಿಲ್ಲ. ಆ ಸೌಲಭ್ಯ ಸಂಬಳದವರದ್ದು.

ಚೀಟಿಯೇ ಸಿಗದ ಕಡೆ? ಮಂಡ್ಯದಲ್ಲಿ ನಾನು ಮುದ್ದೆ ಊಟ ಮಾಡುವ ಮೆಸ್ಸಿನಲ್ಲಿ ಒಮ್ಮೆ ಬಿಲ್ಲು ಕೇಳಿದ್ದಕ್ಕೆ ಯಜಮಾನರು, "ಉಂಡಿದ್ಕೆ ಯಾಕ್ ಬಿಲ್ಲು ಕಣಕ್ಕ, ಸಾಕಾಯ್ತಾ ಯೋಳಿ" ಅಂದುಬಿಟ್ಟರು. ಅಂಥ ಕಡೆ ಯುಪಿಐನಲ್ಲಿ ಕೊಟ್ಟು, ಅವತ್ತೇ ಡೈರಿಯಲ್ಲಿ ಯಾವ ಸೈಟು, ಯಾರ ಕೆಲಸ ಎಂದು ಒಂದು ಸಾಲು ಬರೆಯಿರಿ ಎಂದರು. ಫೋನಿನಲ್ಲಿ ದುಡ್ಡು ಹೋದದ್ದು ಕಾಣುತ್ತದೆ, ಯಾತಕ್ಕೆ ಹೋಯಿತು ಎಂದು ಕಾಣುವುದಿಲ್ಲ. ಬಸ್ ಟಿಕೆಟ್ಟು, ಹೋಟೆಲ್ ಬಿಲ್ಲಿನ ಅಕ್ಷರ ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿಹೋಗುತ್ತದೆ, ಸಿಕ್ಕ ದಿನವೇ ಫೋಟೋ ತೆಗೆದಿಡಬೇಕು.

ಅಷ್ಟರಲ್ಲಿ ಪಕ್ಕದ ಕುರ್ಚಿಯ ಮದ್ದೂರಿನ ಲೇಬರ್ ಕಾಂಟ್ರಾಕ್ಟರ್ ಒಬ್ಬರು ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿದ ಹೋಟೆಲ್ ಬಿಲ್ಲುಗಳನ್ನು ಮುಂದಿಟ್ಟರು. "ಇದ್ರಗಾದ್ರೂ ಏನಾರಾ ವಾಪಸ್ ಬತ್ತದಾ ಸಾರ್?" ಬರುವುದಿಲ್ಲ. ಊಟ ತಿಂಡಿಯ ಮೇಲಿನ ಜಿಎಸ್‌ಟಿಗೆ ಕ್ರೆಡಿಟ್ (ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಇಲ್ಲವೆಂದು ಕಾಯ್ದೆಯೇ ಬಾಗಿಲು ಹಾಕಿದೆ. ನನಗೆ ಆ ತಲೆನೋವೇ ಇಲ್ಲ, ಸೇವೆ ಕೊಡುವವರು 20 ಲಕ್ಷ ದಾಟುವವರೆಗೆ ನೋಂದಣಿ ಬೇಕಾಗಿಲ್ಲ.

ನನಗೆ ನಿಜವಾಗಿ ದುಡ್ಡು ಉಳಿಸಿದ ಮಾತು ತೆರಿಗೆಯದ್ದಲ್ಲ. "ಓಡಾಟದ ಖರ್ಚನ್ನ ಸರ್ಕಾರದ ಹತ್ರ ಯಾಕೆ ಕೇಳ್ತೀರಿ, ಕೆಲಸ ಕೊಟ್ಟೋರ ಹತ್ರ ಕೇಳಿ" ಅಂದರು. ಈಗ ಕೊಟೇಷನ್‌ನಲ್ಲೇ ಸೈಟ್ ಭೇಟಿಗೆ ಬೇರೆ ದರ ಬರೆಯುತ್ತೇನೆ. ಬೆಂಗಳೂರಿಗೆ ಕರೆದರೆ ರೂಮು, ಕ್ಯಾಬು ಅವರ ಹೆಸರಲ್ಲೇ ಬುಕ್ ಆಗಬೇಕು. ನಾನು ಕೊಟ್ಟು ನನ್ನ ಬಿಲ್ಲಿಗೆ ಸೇರಿಸಿದರೆ ಅದೂ ನನಗೆ ಬಂದ ಹಣವಾಗಿ ಅದರ ಮೇಲೂ ಟಿಡಿಎಸ್ ಹೋಗುತ್ತದೆ, ಅದರಲ್ಲೂ ಅರ್ಧ ಆದಾಯ ಎಂದು ಲೆಕ್ಕ. ಒಬ್ಬ ಬಿಲ್ಡರ್ ಮುಖ ಸಿಂಡರಿಸಿದರು, ಮಿಕ್ಕವರು ಮಾತಿಲ್ಲದೆ ಒಪ್ಪಿದರು.

ಇನ್ನು ದೂರುಗಳು. ಹತ್ತು ಗಂಟೆಗೆ ಬನ್ನಿ ಎಂದರೆ ಹನ್ನೊಂದೂವರೆ ಎಂದು ತಿಳಿಯಿರಿ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಹೊರಗೆ ಗಾಡಿ ನಿಲ್ಲಿಸಲು ಜಾಗವಿಲ್ಲ. ವಾಟ್ಸಾಪಿಗೆ ಉತ್ತರ ಬರುವುದು ರಾತ್ರಿ ಹನ್ನೊಂದಕ್ಕೆ, ಅದೂ "ನೋಡೋಣ" ಅಂತ ಒಂದೇ ಪದ. ಆಫೀಸಿನ ಹುಡುಗನಿಗೆ ಒಂದು ಸಲ ಹೇಳಿದ್ದನ್ನೇ ಮತ್ತೆ ಹೇಳಬೇಕು. 44ಎಡಿಎ ಹಾಕುವವರೂ ಮುಂಗಡ ತೆರಿಗೆ (ವರ್ಷ ಮುಗಿಯುವ ಮೊದಲೇ ಕಟ್ಟುವುದು) ಬರುವಷ್ಟಿದ್ದರೆ ಮಾರ್ಚ್ 15ರೊಳಗೆ ಒಂದೇ ಕಂತಲ್ಲಿ ಕಟ್ಟಬೇಕು ಎನ್ನುವುದನ್ನು ನಾನೇ ಕೇಳಿ ತಿಳಿದುಕೊಂಡೆ, ತಾವಾಗಿ ಹೇಳಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್.

ಹೋಗುವುದಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ ಮಾತಾಡಿಸಿ ಬನ್ನಿ, ಆಗ ಅವರಿಗೆ ಪುರುಸೊತ್ತು. 26ಎಎಸ್ (ನಮ್ಮ ಹೆಸರಲ್ಲಿ ಹಿಡಿದ ಟಿಡಿಎಸ್‌ನ ಪಟ್ಟಿ) ಪೂರ್ತಿ ತುಂಬುವುದು ಜೂನ್ ಮಧ್ಯಕ್ಕೆ, ರಿಟರ್ನ್ ಹಾಕಲು ಆಮೇಲೆ ಹೋದರಾಯಿತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ನಂಬರುಗಳು ಬದಲಾಗಿವೆ, ಅದನ್ನೂ ಕೇಳಿಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್, ನೀವು ಕೊಟ್ಟ ಇನ್‌ವಾಯ್ಸ್‌ಗಳು, ಪ್ಯಾನ್, ಆಧಾರ್ ಇದ್ದರೆ ಸಾಕು. ಫೀಸು ಗೂಗಲ್ ಪೇ ಮಾಡಬಹುದು, ಕೇಳಿದರೆ ರಸೀದಿ ಕೊಡುತ್ತಾರೆ.