ಎರಡು ರಾತ್ರಿ, ಒಲೆ ಹಚ್ಚದೆ

ತಾಯಂದಿರಿಗೆ ಮಾತ್ರ ಅಂತ ಒಂದು ಹೋಂಸ್ಟೇಯವರು ಇಟ್ಟುಕೊಂಡಿದ್ದ ಎರಡು ರಾತ್ರಿಯ ವಿಶ್ರಾಂತಿಗೆ ಹೋಗಿ ಬಂದೆ. ದುಡ್ಡು ದಂಡ ಅನಿಸಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವರ ಪಟ್ಟಿಯಲ್ಲಿದ್ದ ಹನ್ನೊಂದು ಕಾರ್ಯಕ್ರಮಗಳಲ್ಲಿ ಒಂಬತ್ತನ್ನು ಕಿತ್ತು ಹಾಕಿದ್ದರೂ ನಾನು ಅಷ್ಟೇ ದುಡ್ಡು ಕೊಡುತ್ತಿದ್ದೆ.

ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಗೆ. ಎಂಟು ಮಷಿನ್. ಹೊಲಿದ ಮಾಲು ವಾಷಿಂಗ್‌ಗೆ ಒಯ್ಯುವುದು, ತರುವುದು ನಮ್ಮ ಮನೆಯವರು, ಉಳಿದದ್ದೆಲ್ಲ ನಾನು. ಮಗಳು ಪಿಯುಸಿ, ಮಗ ಆರನೇ ಕ್ಲಾಸು. ನಡುನೋವು ಎಷ್ಟು ಹಳೆಯದೆಂದರೆ ಅದಕ್ಕೂ ರೇಷನ್ ಕಾರ್ಡಿನಲ್ಲಿ ಹೆಸರು ಹಾಕಿಸಬೇಕು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ರಜೆ ಅಂದರೆ ಪಂಚಮಿ. ಅಣ್ಣ ಕರೆಯಲು ಬರುತ್ತಿದ್ದ, ಸಿರುಗುಪ್ಪಕ್ಕೆ ಹೋದರೆ ಬೇವಿನ ಮರಕ್ಕೆ ಜೋಕಾಲಿ, ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಮಧ್ಯಾಹ್ನ ಹಾಸಿಗೆ. ಅವ್ವ ಹೋಗಿ ನಾಲ್ಕು ವರ್ಷವಾಯಿತು. ಈಗಲೂ ಅಣ್ಣ ಫೋನ್ ಮಾಡುತ್ತಾನೆ, ಹೋಗುತ್ತೇನೆ. ಆದರೆ ಅತ್ತಿಗೆ ಅಂಗನವಾಡಿ ಕೆಲಸ ಮುಗಿಸಿ ಬಂದು ಒಬ್ಬಳೇ ರೊಟ್ಟಿ ಬಡಿಯುವಾಗ ನಾನು ಕೂತು ಉಣ್ಣಲೇನು? ಸೀರೆ ಸೆರಗು ಸಿಕ್ಕಿಸಿ ನಾನೂ ರೊಟ್ಟಿ ಬಡಿಯುವ ಕೊಣಮಿಗೆ ಮುಂದೆ ಕೂರುತ್ತೇನೆ. ಈ ಸಲ ಪಂಚಮಿ ಮುಗಿಸಿ ಬಂದವಳು ಹೋಗುವಾಗಿನದಕ್ಕಿಂತ ಹೆಚ್ಚು ದಣಿದಿದ್ದೆ.

ಅದೇ ವಾರ ನೆಗೆಣ್ಣಿ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಕಳಿಸಿದಳು. ಗಂಗಾವತಿ ತಾಲೂಕಿನ ಸಾಣಾಪುರದ ಹತ್ತಿರ ಒಂದು ಹೋಂಸ್ಟೇ, ತಾಯಂದಿರಿಗೆ ಮಾತ್ರ, ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದ ಊಟದವರೆಗೆ. ತಲೆಗೆ 5,500. ಹೆಸರು ಬರೆಯುವುದಿಲ್ಲ, ಆ ಬದಿಗೆ ಈಗ ಹೋಂಸ್ಟೇಗಳಿಗೇನೂ ಬರವಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಹಂಪಿ ಎದುರಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಮಂದಿ ಈ ಕಡೆಯೇ ಹೆಚ್ಚು ಬರುತ್ತಾರೆ.

"ಇಬ್ಬರದು ಹನ್ನೊಂದು ಸಾವಿರ! ಅಷ್ಟು ರೊಕ್ಕದಾಗ ಮನಿ ಮಂದೆಲ್ಲ ತಿರುಪತಿಗೆ ಹೋಗಿ ಬರಬಹುದಲ್ಲ" ಅಂದರು ನಮ್ಮ ಮನೆಯವರು.

"ಬರಬಹುದು. ಅಲ್ಲಿಗೂ ಬುತ್ತಿ ಕಟ್ಟೋಳು ನಾನೇ" ಅಂದೆ. ಮಾತು ಅಲ್ಲಿಗೆ ನಿಂತಿತು.

ಹೋಗುವುದು ಸುಲಭ. ಬಳ್ಳಾರಿಯಿಂದ ಕಂಪ್ಲಿ ಮೇಲೆ ಗಂಗಾವತಿಗೆ ಸರ್ಕಾರಿ ಬಸ್ಸು, ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಧರ್ಮಸ್ಥಳಕ್ಕೆ ಹೋಗಿಬರೋಣ ಅನ್ನುತ್ತಲೇ ಇದ್ದೆವು, ಉಪಯೋಗವಾದದ್ದು ಈಗ. ಮಳೆಗಾಲದಲ್ಲಿ ಹೋಗುವವರು ಒಂದು ನೆನಪಿಡಿ: ತುಂಗಭದ್ರಾ ಡ್ಯಾಮಿನಿಂದ ನದಿಗೆ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮೇಲೆ ಸುತ್ತು ಹಾಕಬೇಕು. ಹೊರಡುವ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಳ್ಳಿ. ನಾವು ಹೋದ ದಿನ ಬಸ್ಸು ಬಿಡುತ್ತಿದ್ದರು, ಆದರೆ ಕಿಟಕಿಯಿಂದ ಕೆಂಪು ನೀರು ನೋಡಿ ನೆಗೆಣ್ಣಿ ಸೇತುವೆ ದಾಟುವವರೆಗೂ ಕಣ್ಣು ತೆರೆಯಲಿಲ್ಲ. ಗಂಗಾವತಿಯಿಂದ ಆಟೋದವನು 350 ತಗೊಂಡ.

ಜಾಗ ಚೆಂದ ಇದೆ. ಒಂದು ಕಡೆ ಗುಂಡುಕಲ್ಲಿನ ಗುಡ್ಡ, ಇನ್ನೊಂದು ಕಡೆ ಗದ್ದೆ. ನಾವು ಹದಿನಾರು ಜನ, ಕೋಣೆಗೆ ನಾಲ್ವರು. ಚಾದರ ಸ್ವಚ್ಛ, ದಿಂಬು ಮಾತ್ರ ಸಿಮೆಂಟು ಚೀಲ. ಮೋಡ ಇದ್ದರೆ ಸೋಲಾರ್ ನೀರು ಕಾಯುವುದಿಲ್ಲ, ಹಂಡೆಯಿಂದ ಬಕೆಟ್‌ನಲ್ಲಿ ತಂದುಕೊಡುತ್ತಾರೆ. ಗದ್ದೆಯ ಪಕ್ಕ ಆದ್ದರಿಂದ ಸೊಳ್ಳೆ ಇವೆ, ಕಾಯಿಲ್ ಇಡುತ್ತಾರೆ, ಸೊಳ್ಳೆಪರದೆ ಇಲ್ಲ.

ಹೆಣ್ಣುಮಕ್ಕಳು ಹೋಗುವ ಜಾಗ ಅಂದಮೇಲೆ ಇದನ್ನು ಬರೆಯಲೇಬೇಕು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ಹೊತ್ತು ಇಬ್ಬರು ಹೆಂಗಸರ ಮೇಲೆ ನಡೆದ ಅತ್ಯಾಚಾರವನ್ನು ಈ ಭಾಗದ ಯಾರೂ ಮರೆತಿಲ್ಲ. ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ಅದು. ಕತ್ತಲಾದ ಮೇಲೆ ಯಾರನ್ನೂ ಹೊರಗೆ ಕರೆದೊಯ್ಯುವುದಿಲ್ಲ, ಗೇಟಿಗೆ ಬೀಗ, ರಾತ್ರಿ ಇಬ್ಬರು ಕಾವಲು ಅಂದರು. ಹೇಳಿದಂತೆ ನಡೆದುಕೊಂಡರು. ಇದಕ್ಕೆ ಪೂರ್ತಿ ಅಂಕ.

ಇನ್ನು ಊಟ. ಶನಿವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಚೆನ್ನಾಗಿತ್ತು, ಆದರೆ ಬಳ್ಳಾರಿಯವರಿಗೆ ಮಿರ್ಚಿಯಲ್ಲಿ ಹೊಸದೇನು. ಮಧ್ಯಾಹ್ನದ್ದು ಬೇರೆ ಕಥೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಎಣ್ಣಿಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ಕಟ್ಟಿಗೆ ಒಲೆಯ ಹಂಚಿನಿಂದ ಉಬ್ಬಿದ ರೊಟ್ಟಿ ನೇರ ತಾಟಿಗೆ ಬೀಳುತ್ತಿತ್ತು. ಮುರಿದರೆ ಹಬೆ ಬೆರಳಿಗೆ ತಾಗಿ ಚುರ್ ಅನ್ನುತ್ತಿತ್ತು. ಮನೆಯಲ್ಲಿ ದಿನಾ ರೊಟ್ಟಿ ಬಡಿಯುವ ನಾನು ಬಿಸಿ ರೊಟ್ಟಿ ತಿಂದು ಎಷ್ಟು ವರ್ಷವಾಗಿತ್ತೋ. ಬಡಿಯುವವಳು ಕೂರುವ ಹೊತ್ತಿಗೆ ರೊಟ್ಟಿ ಆರಿರುತ್ತದೆ, ಪಲ್ಯ ತಳ ಹತ್ತಿರುತ್ತದೆ. ನಾಲ್ಕನೆಯ ರೊಟ್ಟಿ ಹಾಕಿಸಿಕೊಳ್ಳುವಾಗ ಕಣ್ಣಲ್ಲಿ ನೀರು ಬಂತು. ಚಟ್ನಿಯ ಖಾರ ಅಂದೆ. ಪಕ್ಕದಲ್ಲಿದ್ದ ಕೊಪ್ಪಳದಾಕೆ "ನನಗೂ ಖಾರ ಹತ್ತೈತಿ ಬಿಡ್ರಿ" ಅಂತ ಮೂಗು ಒರೆಸಿಕೊಂಡಳು.

ರಾತ್ರಿ "ವಿಶೇಷ ಊಟ" ಅಂತ ಪಾಸ್ತಾ, ಸೂಪು ಮಾಡಿಸಿದ್ದರು. ಹದಿನಾರರಲ್ಲಿ ಹನ್ನೆರಡು ಜನ ಮಧ್ಯಾಹ್ನದ ರೊಟ್ಟಿ ಉಳಿದಿದೆಯೇ ಅಂತ ಕೇಳಿದೆವು. ಅಡುಗೆಗೆ ಇದ್ದವರು ಆನೆಗೊಂದಿ ಕಡೆಯ ಇಬ್ಬರೇ ಹೆಂಗಸರು. ಹಿರಿಯಾಕೆಯನ್ನು "ನಿಮಗ ಯಾವಾಗ ರಜಾ ಯಕ್ಕಾ?" ಅಂದರೆ, "ನೀವು ಹೋದ ಮ್ಯಾಲ ಚಾದರ ಒಗಿಯೋದು ಐತಲ್ಲ, ಅದು ಮುಗೀಲಿ" ಅಂದಳು. ನಾವೆಲ್ಲ ಸೇರಿಸಿ ಇಬ್ಬರ ಕೈಗೂ ಒಂದಿಷ್ಟು ಕೊಟ್ಟು ಬಂದೆವು. ಅದು ಅವರ ಸಂಬಳದ ಲೆಕ್ಕ ಅಲ್ಲ, ಹೋಂಸ್ಟೇಯವರು ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು.

ಕಾರ್ಯಕ್ರಮಗಳಿಗೆ ಬರುತ್ತೇನೆ. ಬೆಳಿಗ್ಗೆ ಆರಕ್ಕೆ ತಾರಸಿ ಮೇಲೆ ಯೋಗ. ಕಾಲು ಅಗಲಿಸಿ ಮುಂದಕ್ಕೆ ಬಗ್ಗಿ ಕೈ ನೆಲಕ್ಕೆ ಮುಟ್ಟಿಸಿ ಅಂದರು ಯೋಗದ ಮೇಡಂ. ಬಗ್ಗಿದೆವು. ಬೇಲಿಯಾಚೆ ಗದ್ದೆಯಲ್ಲಿ ಹತ್ತು ಹನ್ನೆರಡು ಹೆಣ್ಣಾಳು ಆಗಲೇ ಇಳಿದು ಭತ್ತದ ಸಸಿ ನಾಟಿ ಮಾಡುತ್ತಿದ್ದರು. ನಾವೂ ಬಗ್ಗಿದ್ದೇವೆ, ಅವರೂ ಬಗ್ಗಿದ್ದಾರೆ. ಅವರಲ್ಲೊಬ್ಬಳು ನಡು ನೆಟ್ಟಗೆ ಮಾಡಿ ನಮ್ಮನ್ನು ನೋಡಿ ಕೂಗಿದಳು: "ಏನ್ ಕಳಕೊಂಡೀರ್ಬೇ ಎಲ್ಲಾರೂ, ಹುಡುಕಾಕತ್ತೀರಲ್ಲ?"

ಅಲ್ಲಿಗೆ ಯೋಗ ಮುಗಿಯಿತು. ನಕ್ಕು ನಕ್ಕು ಚಾಪೆ ಮೇಲೆ ಬಿದ್ದೆವು. ಮೇಡಂ ಪಾಪ ಒಳ್ಳೆಯವರು, ಅವರೂ ನಕ್ಕರು.

ಹನ್ನೊಂದಕ್ಕೆ ವೃತ್ತದಲ್ಲಿ ಕೂರಿಸಿ "ನಿಮ್ಮೊಳಗಿನ ಮಗುವಿಗೆ ಒಂದು ಪತ್ರ ಬರೆಯಿರಿ" ಅಂದರು. ನನ್ನ ಹಾಳೆಯಲ್ಲಿ ಸೋಮವಾರ ತರಬೇಕಾದ ಜಿಪ್ಪು, ರಿವೆಟ್ಟು, ಬಟನ್ನಿನ ಲೆಕ್ಕ ಬಂತು. ಗಟ್ಟಿಯಾಗಿ ಓದಿ ಅಂದಾಗ ಪಕ್ಕದವರ ಪತ್ರವನ್ನೇ ಸ್ವಲ್ಪ ತಿದ್ದಿ ಓದಿದೆ. ಯಾರಿಗೂ ಯಾರ ಹೆಸರೂ ಸರಿಯಾಗಿ ಗೊತ್ತಿರದ ಹೊತ್ತಿನಲ್ಲಿ "ಮನಸ್ಸು ಬಿಚ್ಚಿ" ಅಂದರೆ ಬಿಚ್ಚುವುದು ಹೇಗೆ? ಹೆಸರು ಕೊನೆಗೂ ಗೊತ್ತಾಗಲಿಲ್ಲ, ಊರಿನ ಮೇಲೆಯೇ ಕರೆದುಕೊಂಡೆವು: ರಾಯಚೂರಕ್ಕ, ಕೊಪ್ಪಳದಾಕಿ, ಸಿಂಧನೂರಿನ ಹುಡುಗಿ.

ಪೋಸ್ಟರಿನಲ್ಲಿ ಹರಿಗೋಲು ವಿಹಾರ ದೊಡ್ಡದಾಗಿ ಹಾಕಿದ್ದರು. ಹೊಳೆ ತುಂಬಿದೆ, ಹರಿಗೋಲು ಬಿಡುವುದಿಲ್ಲ ಅಂದರು. ಬಿಡದೇ ಇದ್ದದ್ದೇ ಸರಿ. ಆದರೆ ಮಳೆಗಾಲದಲ್ಲಿ ಹೊಳೆ ತುಂಬುತ್ತದೆ ಅನ್ನುವುದು ಪೋಸ್ಟರ್ ಮಾಡುವಾಗ ಗೊತ್ತಿರಲಿಲ್ಲವೇ? ಅದೇ ಕಾರಣಕ್ಕೆ ನಡುಗಡ್ಡೆಯ ನವಬೃಂದಾವನಕ್ಕೂ ಹೋಗಲಾಗಲಿಲ್ಲ. ಅದರ ದುಡ್ಡು ವಾಪಸ್ ಕೊಡಲಿಲ್ಲ. ಬದಲಿಗೆ ಆನೆಗೊಂದಿಯಲ್ಲಿ ಒಂದು ಸುತ್ತು: ಗಗನ ಮಹಲ್, ರಂಗನಾಥನ ಗುಡಿ, ಬಾಳೆನಾರಿನಿಂದ ಚೀಲ ಹೆಣೆಯುವ ಹೆಣ್ಣುಮಕ್ಕಳು. ನಾರು ಹುರಿ ಮಾಡಿ ಹೆಣೆಯುವ ಕೈ ನೋಡುತ್ತ ನಾನು ಅರ್ಧ ತಾಸು ಅಲ್ಲೇ ನಿಂತೆ, ಹೊಲಿಗೆಯವಳ ಚಟ. ಹೊಲಿಗೆಯೇ ಇಲ್ಲದ ಅಂಚು ಅಷ್ಟು ಗಟ್ಟಿ ಕೂರುತ್ತದೆ!

ಭಾನುವಾರ ಬೆಳಿಗ್ಗೆ ಐದಕ್ಕೆ ಅಂಜನಾದ್ರಿ ಹತ್ತುವುದಿತ್ತು. 575 ಮೆಟ್ಟಿಲು. ವಿಶ್ರಾಂತಿಗೆ ಅಂತ ಕರೆದವರು ಐದಕ್ಕೆ ಬಾಗಿಲು ಬಡಿದರೆ ಹನುಮಪ್ಪನಾದರೂ ಒಪ್ಪುತ್ತಾನೆಯೇ. ಏಳು ಜನ ಹೋದರು. ನಾನು ಮಲಗಿದೆ. ಎಂಟೂವರೆಗೆ ಎದ್ದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ, ಜ್ವರವಿಲ್ಲದೆ, ಮೊದಲ ಸಲ.

ಶನಿವಾರ ರಾತ್ರಿಯದು ಬರೆಯಬೇಕು.

ಈ ಜಾಗದ್ದೊಂದು ನಿಯಮ: ಮಕ್ಕಳನ್ನು ಕರೆತರುವಂತಿಲ್ಲ, ಬಂದ ತಕ್ಷಣ ಫೋನ್ ಒಂದು ಬುಟ್ಟಿಗೆ ಹಾಕಬೇಕು, ದಿನಕ್ಕೆ ಎರಡು ಸಲ ಕೊಡುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳನ್ನು ಬಿಟ್ಟುಬಂದವರಿಗೆ ಫೋನ್ ಕೈಯಲ್ಲಿ ಇಲ್ಲದಿದ್ದರೆ ವಿಶ್ರಾಂತಿ ಎಲ್ಲಿಂದ ಬರಬೇಕು? ಸಿಂಧನೂರಿನ ಹುಡುಗಿಗೆ ಹತ್ತು ತಿಂಗಳ ಕೂಸು, ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ನಮ್ಮದೇ ಕೋಣೆ. ರಾತ್ರಿ ಹನ್ನೊಂದರ ಹೊತ್ತಿಗೆ ಬಚ್ಚಲಿನಿಂದ ನರಳುವ ಸದ್ದು. ಹೋಗಿ ನೋಡಿದರೆ ವಾಷ್‌ಬೇಸಿನ್ ಹಿಡಿದು ನಿಂತಿದ್ದಾಳೆ, ರವಿಕೆ ಒದ್ದೆ, ಎದೆ ಕಲ್ಲಿನಂತೆ ಕಟ್ಟಿದೆ. ಶುಕ್ರವಾರದಿಂದ ಸರಿಯಾಗಿ ಹಾಲು ತೆಗೆದಿಲ್ಲ. ನಾಚಿಕೆಗೆ ಯಾರಿಗೂ ಹೇಳಿಲ್ಲ.

ನಮ್ಮ ಪುಣ್ಯ, ರಾಯಚೂರಕ್ಕ ಆರೋಗ್ಯ ಕೇಂದ್ರದ ಸಿಸ್ಟರ್. ಎದ್ದವಳೇ ಅಡುಗೆಮನೆಯ ಬಾಗಿಲು ಬಡಿದು ಬಿಸಿನೀರು ತರಿಸಿದಳು. ಟವೆಲ್ ಅದ್ದಿ ಹಿಂಡಿ ಶಾಖ ಕೊಟ್ಟಳು. ಒಂದು ಸ್ಟೀಲ್ ಚೊಂಬು ಕುದಿಸಿ ತಂದು, ಬೆರಳು ಎಲ್ಲಿ ಇಡಬೇಕು, ಹೇಗೆ ಹಿಂದಕ್ಕೆ ಒತ್ತಿ ಮುಂದಕ್ಕೆ ಹಿಂಡಬೇಕು ಅಂತ ಹುಡುಗಿಯ ಕೈ ಹಿಡಿದು ತೋರಿಸಿದಳು. ಮೊದಲು ಹನಿ, ಆಮೇಲೆ ಸಣ್ಣ ಧಾರೆ ಚೊಂಬಿನ ಗೋಡೆಗೆ ಬಡಿದು ಟಿಣ್ ಟಿಣ್ ಅಂದಿತು. ಹುಡುಗಿ ಅಳು ನಿಲ್ಲಿಸಿದಳು.

"ಮೂರ್ನಾಕು ತಾಸಿಗೊಮ್ಮೆ ತಗೀಬೇಕವ್ವಾ. ಕಟ್ಟಿಸಿಕೊಂಡು ಕುಂತ್ರ ಜ್ವರ ಬರತೈತಿ, ಕೆಂಪಗಾದ್ರ ಡಾಕ್ಟ್ರ ಕಡೆ ಓಡಬೇಕಾಕ್ಕೈತಿ. ಹಾಲು ಚೆಲ್ಲಬ್ಯಾಡ. ಹೊರಗಿಟ್ರ ನಾಕು ತಾಸು, ಫ್ರಿಜ್ಜಿನಾಗಿಟ್ರ ನಾಕು ದಿನ ಇರತೈತಿ" ಅಂದಳು. ಫ್ರಿಜ್ಜು ತೆರೆದರೆ ತುಂಬ ಕೂಲ್‌ಡ್ರಿಂಕ್ಸ್ ಬಾಟಲಿ. ನೆಗೆಣ್ಣಿ ಒಂದೊಂದೇ ತೆಗೆದು ನೆಲದ ಮೇಲೆ ಸಾಲಾಗಿ ನಿಲ್ಲಿಸಿ ಚೊಂಬಿಗೆ ಜಾಗ ಮಾಡಿದಳು. ಭಾನುವಾರ ಆ ಹಾಲು ಐಸ್ ತುಂಬಿದ ಡಬ್ಬಿಯಲ್ಲಿ ಸಿಂಧನೂರಿಗೆ ಹೋಯಿತು.

ಆಮೇಲೆ ಯಾರಿಗೂ ನಿದ್ದೆ ಬರಲಿಲ್ಲ. ದೀಪ ಆರಿಸಿ ಮಲಗಿಯೇ ಎರಡರವರೆಗೆ ಮಾತಾಡಿದೆವು. ಅವ್ವ ಹೋದ ಮೇಲೆ ಸಿರುಗುಪ್ಪದ ಮನೆಯಲ್ಲಿ ನನಗೆ ಮಲಗಲು ಜಾಗ ಯಾವುದು ಅಂತಲೇ ತಿಳಿಯುವುದಿಲ್ಲ ಅಂದೆ. ನೆಗೆಣ್ಣಿಗೂ ಇದನ್ನು ಹೇಳಿರಲಿಲ್ಲ. ಕತ್ತಲಲ್ಲಿ ರಾಯಚೂರಕ್ಕ ಅಂದಳು, "ನಮ್ಮನಿಗೆ ಬಾ, ಪಂಚಮಿಗೆ. ನನಗ ತಂಗಿ ಇಲ್ಲ."

ಬೆಳಿಗ್ಗೆ ಹೋಂಸ್ಟೇಯ ಮೇಡಂಗೆ ವಿಷಯ ಹೇಳಿದೆವು. ಬೇಜಾರು ಮಾಡಿಕೊಂಡರು, ಕೇಳಿಸಿಕೊಂಡರು. ಬುಕ್ ಮಾಡುವಾಗ ತುಂಬಿಸಿಕೊಂಡ ಫಾರ್ಮಿನಲ್ಲಿ ನನ್ನ ಇಷ್ಟದ ಬಣ್ಣ ಯಾವುದು ಅಂತ ಕೇಳಿದ್ದರು, ಕೂಸಿಗೆ ಹಾಲು ಕುಡಿಸುತ್ತೀರಾ ಅಂತ ಕೇಳಿರಲಿಲ್ಲ. ವರ್ಷದೊಳಗಿನ ಕೂಸಿದ್ದರೆ ಕರೆತರಲು ಬಿಡಿ, ಇಲ್ಲವಾದರೆ ಹಾಲು ತೆಗೆಯುವ ಪಂಪು ತರಲು ಮೊದಲೇ ಹೇಳಿ, ಫ್ರಿಜ್ಜಿನಲ್ಲಿ ಒಂದು ಖಾನೆ ಖಾಲಿ ಇಡಿ. ಖರ್ಚಿನ ಮಾತೇ ಅಲ್ಲ.

ಹೋಗುವವರು ಸ್ವಂತ ದಿಂಬು, ಓಡೋಮಾಸ್ ಒಯ್ಯಿರಿ. ಮೊದಲ ದಿನವೇ "ರಾತ್ರಿಗೂ ರೊಟ್ಟಿಯೇ ಸಾಕು" ಅಂತ ಹೇಳಿಬಿಡಿ. ಮಾರ್ಗಶಿರದಲ್ಲಿ ಹನುಮಮಾಲೆ ವಿಸರ್ಜನೆಯ ಹೊತ್ತಿಗೆ ಬುಕ್ ಮಾಡಬೇಡಿ, ಆ ದಿನಗಳಲ್ಲಿ ಅಂಜನಾದ್ರಿ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊಳೆ ಇಳಿದ ಮೇಲೆ ಹೋದರೆ ಹರಿಗೋಲೂ ಸಿಕ್ಕೀತು.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ: "ಏನ್ ಉಣ್ಣಾಕ ಹಾಕಿದ್ರು?" ಎಲ್ಲ ಹೇಳಿದೆ, ರೊಟ್ಟಿ, ಎಣ್ಣಿಗಾಯಿ, ಎಂಟೂವರೆವರೆಗೆ ಮಲಗಿದ್ದು. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಹೂವು ಕಟ್ಟುತ್ತ, "ಮುಂದಿನ ಸಲ ನನ್ನ ಹೆಸರೂ ಬರೆಸು" ಅಂದರು. ಅವರಿಗೆ ಅರವತ್ತೆಂಟು. ಹೋಂಸ್ಟೇಗೆ ಫೋನ್ ಮಾಡಿದರೆ, ಅರವತ್ತು ದಾಟಿದವರಿಗೆ ಯೋಗ ಕಷ್ಟವಾಗುತ್ತದೆ, ತಗೊಳ್ಳುವುದಿಲ್ಲ ಅಂದರು.

"ಯೋಗ ಬ್ಯಾಡಂತ ಹೇಳು. ನಾನು ಬರೇ ಮಲಕೊಂತೀನಿ" ಅಂದರು ಅತ್ತೆ.

ಹಾಗೇ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.